ಎಂಬತ್ತು ಅಂಕದ ಕಾರು

ಹೂವಿನ ದಳಗಳೆಲ್ಲ ಕೂಡಿ ಆಗುವ ವಲಯವನ್ನು ಸಸ್ಯಶಾಸ್ತ್ರಜ್ಞರು ‘ಕೊರೊಲ್ಲಾ’ ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಪುಟ್ಟ ಕಿರೀಟವೆಂದು ಅರ್ಥ. ಜಪಾನಿನ ಟೊಯೋಟ ಕಂಪನಿಯವರು 1955ರಲ್ಲಿ ತಮ್ಮ ದೊಡ್ಡ ಕಾರಿಗೆ ‘ಕ್ರೌನ್’ ಎಂದೂ, ಎರಡು ವರ್ಷಗಳ ತರುವಾಯ ನಡುತರದ ಕಾರಿಗೆ ‘ಕೊರೊನಾ’ ಎಂದೂ ಹೆಸರಿಟ್ಟಿದ್ದರು, ಎರಡೂ ಕಿರೀಟಗಳೇ. 1966ರಲ್ಲಿ ಸಂಸಾರಸ್ಥನಿಗಾಗಿ ಚಿಕ್ಕ ಕಾರೊಂದನ್ನು ಹೊರತಂದಾಗ ಈ ಪುಟ್ಟ ಕಿರೀಟ ಅದರ ಪಾಲಿಗೆ ಬಂದಿತು. ಆ ಕಾರಿನ ಹನ್ನೆರಡನೆಯ ತಲೆಮಾರು ಈಗ ರಸ್ತೆಯ ಮೇಲಿದೆ. 2021ರ ಹೊತ್ತಿಗೆ ಈ ಹೆಸರಿನಲ್ಲಿ 5 ಕೋಟಿ ಕಾರುಗಳು ಮಾರಾಟವಾಗಿದ್ದುವು.

ಕೊರೊಲ್ಲಾಕ್ಕೆ ಒಬ್ಬ ಅಣ್ಣನಿದ್ದ. ಅವನ ಸೋಲೇ ತಮ್ಮನ ಗೆಲುವಿಗೆ ತಳಹದಿಯಾಯಿತು. 1955ರಲ್ಲಿ ಜಪಾನಿನ ವಾಣಿಜ್ಯ ಕೈಗಾರಿಕಾ ಸಚಿವಾಲಯದಲ್ಲಿ ‘ಜನತಾ ಕಾರಿ’ನ ಕಲ್ಪನೆಯೊಂದು ಮೊಳೆತಿತ್ತು. ಆ ಜಾಡಿನಲ್ಲಿ ನಡೆದ ಟೊಯೋಟದವರು 1961ರಲ್ಲಿ ‘ಪಬ್ಲಿಕಾ’ ಎಂಬ ಕಾರನ್ನು ಮಾರುಕಟ್ಟೆಗೆ ತಂದರು. ಎರಡು ಸಿಲಿಂಡರಿನ, ಗಾಳಿಯಿಂದಲೇ ತಣಿಯುವ 697 ಸಿ.ಸಿ. ಎಂಜಿನು, ಬೆಲೆ 3,89,000 ಯೆನ್. ರೇಡಿಯೋ ಇಲ್ಲ, ಚಳಿಯ ನಾಡಿನಲ್ಲಿ ಹೀಟರೂ ಇಲ್ಲ. ಯಂತ್ರವಾಗಿ ಅದರಲ್ಲಿ ಕುಂದೇನೂ ಇರಲಿಲ್ಲ. ಆದರೂ ಜನ ಅದನ್ನು ನಿರೀಕ್ಷಿಸಿದಷ್ಟು ಕೊಳ್ಳಲಿಲ್ಲ. ಕಾರಣ ದುರೂಹವೇನಲ್ಲ. ವರ್ಷಗಟ್ಟಲೆ ಕಾಸಿಗೆ ಕಾಸು ಕೂಡಿಸಿ ಕಾರು ಕೊಳ್ಳುವವನು, ‘ಇವನ ಕೈಗೆ ಎಟುಕಿದ್ದು ಇಷ್ಟೇ’ ಎಂದು ಸಾರುವ ಕಾರನ್ನು ಮನೆಯ ಮುಂದೆ ನಿಲ್ಲಿಸಲು ಒಪ್ಪುವುದಿಲ್ಲ. ಲಕ್ಷ ರೂಪಾಯಿಯ ಕಾರೆಂದು ಹೆಸರಾಗಿ 2009ರಲ್ಲಿ ಬಂದ ನಮ್ಮ ನ್ಯಾನೋ 2018ರ ಹೊತ್ತಿಗೆ ಮರೆಯಾದುದನ್ನು ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಪಬ್ಲಿಕಾದ ಮುಖ್ಯ ಇಂಜಿನಿಯರು ತಾತ್ಸುವೊ ಹಸೆಗಾವಾ. ಇವರು ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ವಿಮಾನಶಾಸ್ತ್ರವನ್ನು ಓದಿ, ಯುದ್ಧಕಾಲದಲ್ಲಿ ತಾಚಿಕಾವಾ ಕಂಪನಿಯಲ್ಲಿ ಬಹು ಎತ್ತರದಲ್ಲಿ ಹಾರುವ ಕಾದಾಟದ ವಿಮಾನದ ವಿನ್ಯಾಸವನ್ನು ಮಾಡುತ್ತಿದ್ದವರು. ಸೋತ ಜಪಾನಿಗೆ ವಿಮಾನ ಕಟ್ಟುವುದು ನಿಷಿದ್ಧವಾಯಿತು. ಕೆಲಸ ಕಳೆದುಕೊಂಡ ಹಸೆಗಾವಾ 1946ರಲ್ಲಿ ಟೊಯೋಟಕ್ಕೆ ಬಂದು ಸೇರಿದರು. ಪಬ್ಲಿಕಾದ ಪಾಠವನ್ನು ಅವರು ಮನಸ್ಸಿಗೆ ಹಚ್ಚಿಕೊಂಡುದರ ಫಲವೇ ಕೊರೊಲ್ಲಾ.

ಅವರು ಹಾಕಿಕೊಂಡ ಸೂತ್ರ ನಮ್ಮಂಥ ಉಪಾಧ್ಯಾಯರಿಗೆ ಬಹು ಬೇಗ ತಿಳಿಯುವಂಥದು. ಚಾಲನೆ, ನೆಮ್ಮದಿ, ಅಂದ, ಬಾಳಿಕೆ, ಬೆಲೆ ಎಂಬ ಎಲ್ಲ ವಿಷಯಗಳಲ್ಲಿಯೂ ಕಾರು ನೂರಕ್ಕೆ 80 ಅಂಕಗಳನ್ನು ಗಳಿಸಲೇಬೇಕು. ಯಾವುದರಲ್ಲಿಯೂ ಅದಕ್ಕಿಂತ ಕೆಳಗಿಳಿಯಕೂಡದು. ಅಷ್ಟರಿಂದಲೇ ತೃಪ್ತಿಪಡದೆ, ಕೆಲವು ವಿಷಯಗಳಲ್ಲಿ 90ನ್ನು ಮೀರಿ ಕೊಳ್ಳುವವನ ಮನಸ್ಸನ್ನು ಸೆಳೆಯಬೇಕು. ‘ಎಂಬತ್ತು ಮತ್ತು ಮೇಲೊಂದಿಷ್ಟು’ ಎಂಬ ಈ ಸೂತ್ರವನ್ನು ಕೆಲವರು ‘ಸಾಧಾರಣವಾದರೆ ಸಾಕು’ ಎಂದು ಅರ್ಥಮಾಡಿದ್ದುಂಟು. ಅದು ಸರಿಯಲ್ಲ. ಒಂದು ವಿಷಯದಲ್ಲಿ ನೂರು ತೆಗೆದು ಇನ್ನೊಂದರಲ್ಲಿ ತೇರ್ಗಡೆಯಾಗದ ಜಾಣರನ್ನು ನಾವು ತರಗತಿಯಲ್ಲಿ ಎಷ್ಟೋ ಮಂದಿಯನ್ನು ನೋಡುತ್ತೇವೆ. ಎಲ್ಲದರಲ್ಲಿಯೂ ಎಂಬತ್ತು ತೆಗೆಯುವವರು ವಿರಳ. ಒಂದು ಅಂಗ ಸೋತರೂ ನೆಲಕ್ಕುರುಳುವ ವಿಮಾನವನ್ನು ಕಟ್ಟಿದವರಿಗೆ ಇಂಥ ಸೂತ್ರ ಹೊಳೆದುದು ಸಹಜವೆನಿಸುತ್ತದೆ.

ಆ ‘ಮೇಲೊಂದಿಷ್ಟು’ ಯಾವುದು? ಎಂಜಿನನ್ನು 20 ಡಿಗ್ರಿ ವಾಲಿಸಿ ಕೂರಿಸಿ ಬಾನೆಟ್ಟನ್ನು ತಗ್ಗಿಸಿದರು. ಕಾರಿಗೆ ಬೆಡಗು ಬಂದಿತು. ನಮ್ಮ ಹಳೆಯ ಅಂಬಾಸಡರ್ ಮತ್ತು ಫಿಯೆಟ್ ಕಾರುಗಳಲ್ಲಿ ಸ್ಟೀಯರಿಂಗಿನ ಬಳಿಯೇ ಗೇರು ಇದ್ದುದು ಹಿರಿಯರಿಗೆ ನೆನಪಿರಬೇಕು. ಜಪಾನಿನಲ್ಲಿಯೂ ಆಗ ಅದೇ ರೂಢಿ. ನೆಲದಿಂದೆದ್ದ ಗೇರು ಲಾರಿಗೆ ಸಲ್ಲುವುದೆಂಬ ಭಾವನೆ. ಹಸೆಗಾವಾ ಧೈರ್ಯಮಾಡಿ ನಾಲ್ಕು ವೇಗಗಳ ಗೇರನ್ನು ನೆಲಕ್ಕೇ ತಂದರು. ಹೊಸ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನಂತೆ ಬಹುದೂರ ಓಡಲು ಅದೇ ಯೋಗ್ಯವೆಂದು ಅವರ ಮತ.

ಎಂಜಿನಿನ ಕಥೆಯೂ ಸ್ವಾರಸ್ಯವಾಗಿದೆ. ಅದು ಮೊದಲು 1000 ಸಿ.ಸಿ. ಎಂದೇ ಸಿದ್ಧವಾಗುತ್ತಿದ್ದಿತು. ಪ್ರತಿಸ್ಪರ್ಧಿ ನಿಸ್ಸಾನಿನವರ ‘ಸನ್ನಿ’ಯೂ ಅದೇ ಅಳತೆಯದೆಂದು ಗೊತ್ತಾದುದೇ ತಡ, ಕೊನೆಯ ಗಳಿಗೆಯಲ್ಲಿ ಅದನ್ನು 1077 ಸಿ.ಸಿ.ಗೆ ಏರಿಸಿದರು. ‘ನೂರು ಸಿ.ಸಿ. ಹೆಚ್ಚು’ ಎಂಬುದೇ ಜಾಹೀರಾತಿನ ಪಲ್ಲವಿಯಾಯಿತು. ನಿಸ್ಸಾನಿನವರು 1970ರಲ್ಲಿ 1200 ಸಿ.ಸಿ.ಯ ಹೊಸ ಸನ್ನಿಯನ್ನು ತಂದು, ‘ಪಕ್ಕದ ಮನೆಯವರ ಕಾರು ಚಿಕ್ಕದಾಗಿ ಕಾಣುತ್ತದೆ’ ಎಂದು ಚುಚ್ಚಿ ಸೇಡು ತೀರಿಸಿಕೊಂಡರು! ಆದರೇನು, ಕೊರೊಲ್ಲಾವನ್ನು ಹಿಂದಿಕ್ಕಲು ಆಗಲಿಲ್ಲ. 1969ರಿಂದ 2001ರವರೆಗೆ ಸತತವಾಗಿ 33 ವರ್ಷ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಅದೇ. 2002ರಲ್ಲಿ ಹೋಂಡಾ ಕಂಪನಿಯ ‘ಫಿಟ್’ ಅದನ್ನು ಕೆಳಗಿಳಿಸಿತು.

ಎರಡು, ಮೂರು, ನಾಲ್ಕನೆಯ ತಲೆಮಾರುಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಕಾರು ಸ್ವಲ್ಪ ಸ್ವಲ್ಪವಾಗಿ ಬೆಳೆಯಿತು; 1973ರ ಎಣ್ಣೆಯ ಮುಗ್ಗಟ್ಟಿನ ತರುವಾಯ, ಕಡಿಮೆ ಪೆಟ್ರೋಲು ಕುಡಿಯುತ್ತದೆಂದು ಅಮೆರಿಕದವರೂ ಅದನ್ನು ಆದರಿಸಿದರು. ನಿಜವಾದ ಪರಿವರ್ತನೆ 1983ರಲ್ಲಿ, ಐದನೆಯ ತಲೆಮಾರಿನಲ್ಲಿ ಆಯಿತು. ಅಲ್ಲಿಯವರೆಗೆ ಎಂಜಿನು ಮುಂದೆ, ಅದು ತಿರುಗಿಸುವ ಚಕ್ರಗಳು ಹಿಂದೆ. ಶಕ್ತಿಯನ್ನು ಹಿಂದಕ್ಕೆ ಒಯ್ಯುವ ದಂಡ ಕಾರಿನ ನಡುವೆ ಹಾಯಬೇಕಾದ್ದರಿಂದ ನೆಲದ ಮೇಲೆ ಉದ್ದನೆಯ ದಿಣ್ಣೆಯೊಂದು ಏಳುತ್ತಿತ್ತು. ಹಿಂದಿನ ಆಸನದ ನಡುವೆ ಕುಳಿತವನ ಪಾಡು ಅನುಭವಿಸಿದವರಿಗೇ ಗೊತ್ತು. ಸಾಮಾನ್ಯವಾಗಿ ಅದು ಮನೆಯ ಕಿರಿಯ ಮಗುವಿನ ಪಾಲು. ಈಗ ಎಂಜಿನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸಿದ್ದರಿಂದ ದಂಡ ಹೋಯಿತು, ದಿಣ್ಣೆ ತಗ್ಗಿತು, ಕಾಲು ಚಾಚಲು ಇಂಬಾಯಿತು. ಅದೇ ತಲೆಮಾರಿನ ಎರಡು ಬಾಗಿಲಿನ ಕಾರೊಂದು ಮಾತ್ರ ಹಳೆಯ ಪದ್ಧತಿಯಲ್ಲಿಯೇ ಉಳಿಯಿತು. ತಿರುವುಗಳಲ್ಲಿ ಜಾರಿಸಿ ಓಡಿಸುವ ಸಾಹಸಿಗರಿಗೆ ಇಂದಿಗೂ ಅದೇ ಪ್ರಾಣಪ್ರಿಯ. ಸಂಸಾರಸ್ಥನಿಗೆ ಅದರ ಗೊಡವೆ ಬೇಡ.

ನಮ್ಮ ನಾಡಿಗೂ ಈ ವಂಶಕ್ಕೂ ನಂಟು ಬೆಳೆದುದು ಬಿಡದಿಯಲ್ಲಿ. ಟೊಯೋಟ ಮನೆತನ ಮೊದಲು ಮಗ್ಗಗಳನ್ನು ಮಾಡುತ್ತಿದ್ದುದು. ಕಿರ್ಲೋಸ್ಕರ ಮನೆತನದ ಲಕ್ಷ್ಮಣರಾಯರು ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯನ್ನಿಟ್ಟಿದ್ದವರು. ಈ ಎರಡು ಮನೆತನಗಳ ಉದ್ಯಮಗಳು 1997ರಲ್ಲಿ ಕೂಡಿ ಕಟ್ಟಿದ ಕಂಪನಿಯ ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಬಂದಿತು, 2003ರಲ್ಲಿ ಕೊರೊಲ್ಲಾ. ಅದು ಒಂಬತ್ತನೆಯ ತಲೆಮಾರು; ಎಂಜಿನು 1794 ಸಿ.ಸಿ. ಜಪಾನಿನಲ್ಲಿ ಗುಮಾಸ್ತನ ಮನೆಯ ಮುಂದೆ ನಿಲ್ಲಲೆಂದು ಹುಟ್ಟಿದ ಕಾರು ಇಲ್ಲಿ ಕಂಪನಿಗಳ ಅಧಿಕಾರಿಗಳದೂ ವೈದ್ಯರದೂ ಆಯಿತು. ನಮ್ಮ ಗುಮಾಸ್ತ ಮಾರುತಿಯನ್ನೇ ನೆಚ್ಚಿಕೊಂಡಿದ್ದ. 2008ರಲ್ಲಿ ‘ಆಲ್ಟಿಸ್’ ಎಂಬ ಬಿರುದಿನೊಡನೆ ಬಂದ ಹೊಸ ಕೊರೊಲ್ಲಾವೂ ಶ್ರೀಮಂತರ ಓಣಿಯನ್ನು ಬಿಟ್ಟು ಈಚೆಗೆ ಬರಲಿಲ್ಲ. 2020ರಲ್ಲಿ ಭಾರತದಲ್ಲಿ ಅದರ ಮಾರಾಟ ನಿಂತಿತು.

ಇನ್ನು ಗಾತ್ರದ ಮಾತು. 1966ರ ಕೊರೊಲ್ಲಾ 3,845 ಮಿಲಿಮೀಟರ್ ಉದ್ದ, 1,485 ಅಗಲ. ತೂಕ ಸುಮಾರು 710 ಕಿಲೋಗ್ರಾಂ. ತಲೆಮಾರು ತಲೆಮಾರಿಗೂ ಅದು ಮೈದುಂಬಿಕೊಳ್ಳುತ್ತ ಬಂದಿತು. ಒಂದೇ ಒಂದು ಸಲ, 2012ರಲ್ಲಿ, ಜಪಾನಿಗಾಗಿ ಮಾಡಿದ ‘ಆಕ್ಸಿಯೊ’ ಎಂಬ ಕೊರೊಲ್ಲಾವನ್ನು ಹಿಂದಿನದಕ್ಕಿಂತ 50 ಮಿಲಿಮೀಟರ್ ಗಿಡ್ಡಮಾಡಿದರು. ಆದರೆ 2019ರಲ್ಲಿ ಜಪಾನಿಗೆ ಬಂದ ಹನ್ನೆರಡನೆಯ ತಲೆಮಾರಿನ ಸೆಡಾನಿನ ಅಗಲ 1,745 ಮಿಲಿಮೀಟರ್. ಆ ದೇಶದ ಕಾನೂನಿನಲ್ಲಿ ಚಿಕ್ಕ ಕಾರೆನ್ನಿಸಿಕೊಳ್ಳಲು 1,700ನ್ನು ಮೀರಕೂಡದು. ಪುಟ್ಟ ಕಿರೀಟ ಹೀಗೆ ಕಾನೂನಿನ ಲೆಕ್ಕದಲ್ಲಿ ಚಿಕ್ಕದಾಗಿ ಉಳಿಯಲಿಲ್ಲ. ಇಕ್ಕಟ್ಟಾದ ಓಣಿಗಳಲ್ಲಿ ಕಾರು ನಡೆಸುವವರಿಗಾಗಿ ಕಂಪನಿಯವರು ಅದರ ಜೊತೆಯಲ್ಲಿಯೇ ಹಳೆಯ ಕಿರಿದಾದ ಆಕ್ಸಿಯೊವನ್ನೂ ಮಾರಾಟಕ್ಕಿಟ್ಟರು.