ಲಿಂಕರ್ ದೋಷಗಳ ನಿದಾನ: ಕಂಪೈಲರ್ ಸಾಧನಗಳ ನಿರ್ಮಾಣದ ಒಂದು ಸಮಸ್ಯೆ

1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಭಂಡಾರದಲ್ಲಿ ಓಲೆಗರಿಯ ವ್ಯಾಖ್ಯಾನಗಳನ್ನು ಓದುವವರಿಗೆ ಒಂದು ತೊಡಕು ಪರಿಚಿತವಾದುದು. ವ್ಯಾಖ್ಯಾನವು ಬೇರೊಂದು ಗ್ರಂಥವನ್ನು ಹೆಸರಿನಿಂದ ಮಾತ್ರ ಸೂಚಿಸಿ ಮುಂದೆ ಸಾಗುತ್ತದೆ. ಆ ಗ್ರಂಥದ ಕಟ್ಟು ದೊರೆಯದಿದ್ದರೆ ಅರ್ಥವು ಪೂರ್ಣವಾಗದು. ಆದರೆ ದೋಷವು ವ್ಯಾಖ್ಯಾನದ್ದಲ್ಲ. ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಜೋಡಿಸುವಾಗ ತಲೆದೋರುವ ದೋಷಗಳೂ ಬಹುಮಟ್ಟಿಗೆ ಇಂಥವೇ.

ಕಂಪೈಲರ್ ಪ್ರತಿಯೊಂದು ಮೂಲ ಕಡತವನ್ನೂ ಪ್ರತ್ಯೇಕವಾಗಿ ಯಂತ್ರಭಾಷೆಗೆ ಪರಿವರ್ತಿಸಿ ಆಬ್ಜೆಕ್ಟ್ ಕಡತವನ್ನು ಸಿದ್ಧಪಡಿಸುತ್ತದೆ. ಅದರಲ್ಲಿ ಎರಡು ಬಗೆಯ ಹೆಸರುಗಳಿರುತ್ತವೆ: ಕಡತವು ತಾನೇ ಒದಗಿಸುವವು ಮತ್ತು ಇತರರಿಂದ ಬೇಡುವವು. ಬೇಡಿಕೆಯನ್ನೂ ಪೂರೈಕೆಯನ್ನೂ ಹೊಂದಿಸುವುದೇ ಲಿಂಕರಿನ ಕೆಲಸ. ಪೂರೈಕೆ ಕಾಣದಿದ್ದರೆ ಅದು ಆ ಹೆಸರನ್ನು ಹೇಳಿ ನಿಂತುಬಿಡುತ್ತದೆ. ಏಕೆ ಕಾಣಲಿಲ್ಲವೆಂಬುದನ್ನು ಹೇಳುವುದಿಲ್ಲ.

ಇದಕ್ಕೆ ಕರ್ನಾಟಕದಲ್ಲೇ ತಕ್ಕ ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಕೂಡಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ರೂಪಿಸಿದರು. 2004ರಲ್ಲಿ ಅದರ ಅಮಿಡಾ ಎಂಬ ರೂಪವು ಮಾರುಕಟ್ಟೆಗೆ ಬಂದಿತು. ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಎಂಬ ಸಂಸ್ಕಾರಕದ ಮೇಲೆ ಲಿನಕ್ಸ್ ವ್ಯವಸ್ಥೆಯನ್ನು ನಡೆಸುವ ಯಂತ್ರವದು. ಮೇಜಿನ ಕಂಪ್ಯೂಟರಿನಲ್ಲಿ ಕುಳಿತು ಇಂಥ ಬೇರೆ ಜಾತಿಯ ಯಂತ್ರಕ್ಕೆ ಪ್ರೋಗ್ರಾಮು ಸಿದ್ಧಪಡಿಸಲು ಕ್ರಾಸ್ ಕಂಪೈಲರ್ ಬೇಕು.

ಈ ಸಂಸ್ಕಾರಕಕ್ಕೆ ಪೂರ್ಣಾಂಕಗಳನ್ನು ಭಾಗಿಸುವ ಆದೇಶವೇ ಇಲ್ಲ. ದಶಮಾಂಶ ಗಣಿತದ ಅಂಗವೂ ಇಲ್ಲ. ಆದುದರಿಂದ ವಿದ್ಯಾರ್ಥಿಯು ಒಂದು ಸಂಖ್ಯೆಯನ್ನು ಮತ್ತೊಂದರಿಂದ ಭಾಗಿಸಿದರೆ, ಜಿಸಿಸಿ ಕಂಪೈಲರ್ ಅಲ್ಲಿ '__ಡಿವ್‌ಎಸ್‌ಐ3' ಎಂಬ ಕಾರ್ಯಕ್ಕೆ ಕರೆಯನ್ನಿಡುತ್ತದೆ. ಆ ಕಾರ್ಯವಿರುವುದು ಕಂಪೈಲರಿನ ಜೊತೆಗೇ ನಿರ್ಮಾಣವಾಗುವ ಲಿಬ್‌ಜಿಸಿಸಿ ಎಂಬ ಲೈಬ್ರರಿಯಲ್ಲಿ. ಲೈಬ್ರರಿ ತಪ್ಪಿಹೋದರೆ ಲಿಂಕರ್ ಈ ಹೆಸರು ದೊರೆಯಲಿಲ್ಲವೆಂದು ಹೇಳುತ್ತದೆ. ತಾನು ಎಂದೂ ಬರೆಯದ ಹೆಸರನ್ನು ಕಂಡ ವಿದ್ಯಾರ್ಥಿಯು ತನ್ನ ಪ್ರೋಗ್ರಾಮನ್ನೇ ತಿದ್ದತೊಡಗುತ್ತಾನೆ, ಶ್ರಮ ವ್ಯರ್ಥವಾಗುತ್ತದೆ.

ನಿದಾನಕ್ಕೆ ಮೂರು ಪ್ರಶ್ನೆಗಳು ಸಾಕು. ಹೆಸರನ್ನು ಬೇಡುವವರು ಯಾರು? ಒದಗಿಸಬೇಕಾದವರು ಯಾರು? ಇಬ್ಬರೂ ಒಂದೇ ಒಪ್ಪಂದಕ್ಕೆ ಸೇರಿದವರೇ?

ಮೊದಲನೆಯದಕ್ಕೂ ಎರಡನೆಯದಕ್ಕೂ 'ಎನ್‌ಎಮ್' ಎಂಬ ಸಾಧನವು ಉತ್ತರ ಕೊಡುತ್ತದೆ. ಅದರ ಪಟ್ಟಿಯಲ್ಲಿ 'ಯು' ಎಂಬ ಗುರುತು ಬೇಡಿಕೆಯನ್ನೂ 'ಟಿ' ಎಂಬುದು ಕಾರ್ಯವೊಂದರ ಪೂರೈಕೆಯನ್ನೂ ಸೂಚಿಸುತ್ತವೆ. ಒದಗಿಸುವ ಲೈಬ್ರರಿ ಇದ್ದೂ ಕಾಣದಿರುವುದುಂಟು. ಜಿಸಿಸಿಯ ಮೂಲಕವಲ್ಲದೆ ಲಿಂಕರನ್ನು ನೇರವಾಗಿ ಕರೆದರೆ ಲಿಬ್‌ಜಿಸಿಸಿ ತಾನಾಗಿ ಸೇರುವುದಿಲ್ಲ. ಸ್ಥಿರ ಲೈಬ್ರರಿಯನ್ನು ಅದನ್ನು ಬೇಡುವ ಕಡತಕ್ಕಿಂತ ಮುಂಚೆ ಹೆಸರಿಸಿದರೂ ಪ್ರಯೋಜನವಿಲ್ಲ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ, ಆ ಕ್ಷಣದವರೆಗಿನ ಬೇಡಿಕೆಗೆ ಬೇಕಾದಷ್ಟನ್ನೇ ಅದರಿಂದ ಎತ್ತಿಕೊಳ್ಳುತ್ತದೆ.

ಸಾಧನಗಳನ್ನೇ ಕಟ್ಟುವಾಗ ತೊಡಕು ಇಮ್ಮಡಿಯಾಗುತ್ತದೆ. ಪೂರ್ಣ ಕಂಪೈಲರಿಗೆ ಸಿ ಲೈಬ್ರರಿ ಬೇಕು. ಸಿ ಲೈಬ್ರರಿಯನ್ನು ಕಟ್ಟಲು ಕಂಪೈಲರ್ ಬೇಕು. ಆದುದರಿಂದ ಮೊದಲು ಬಿನ್‌ಯುಟಿಲ್ಸ್, ಅನಂತರ ಸಿ ಲೈಬ್ರರಿಯಿಲ್ಲದ ಸೀಮಿತ ಜಿಸಿಸಿ, ಬಳಿಕ ಸಿ ಲೈಬ್ರರಿ, ಕೊನೆಗೆ ಪೂರ್ಣ ಜಿಸಿಸಿ ಎಂಬ ಕ್ರಮವಿದೆ. ಕ್ರಮ ತಪ್ಪಿದರೆ 'ಸಿಆರ್‌ಟಿ1.ಓ' ಎಂಬ ಆರಂಭದ ಕಡತ ಕಾಣದೆಂಬ ದೂರು ಬರುತ್ತದೆ. ಕೆಲವೊಮ್ಮೆ ಸಿದ್ಧತೆಯ ಹಂತದಲ್ಲೇ, ಕಂಪೈಲರಿಗೆ ಪ್ರೋಗ್ರಾಮನ್ನು ನಿರ್ಮಿಸುವ ಶಕ್ತಿಯಿಲ್ಲವೆಂಬ ಮಾತಷ್ಟೇ ತೆರೆಯ ಮೇಲೆ ಕಾಣುತ್ತದೆ. ಲಿಂಕರಿನ ನಿಜವಾದ ನುಡಿ ಆಗ 'ಕಾನ್ಫಿಗ್.ಲಾಗ್' ಎಂಬ ಕಡತದಲ್ಲಿ ಅಡಗಿರುತ್ತದೆ. ಅಲ್ಲಿ ಮೊದಲ ದೋಷವನ್ನು ಓದಬೇಕು. ಉಳಿದವು ಪ್ರಾಯಶಃ ಅದರ ಪರಿಣಾಮಗಳು.

ಮೂರನೆಯ ಪ್ರಶ್ನೆ ಸೂಕ್ಷ್ಮವಾದುದು. ಆರ್ಮ್ ಯಂತ್ರಗಳಿಗೆ ಇಎಬಿಐ ಎಂಬ ಹೊಸ ಒಪ್ಪಂದ ಬಂದ ಮೇಲೆ ಅದೇ ಭಾಗಾಕಾರದ ಕಾರ್ಯವನ್ನು '__ಎಇಎಬಿಐ_ಐಡಿವ್' ಎಂಬ ಹೆಸರಿನಿಂದ ಕರೆಯುವುದು ರೂಢಿಯಾಯಿತು. ಹೊಸ ಕಡತವನ್ನು ಹಳೆಯ ಲೈಬ್ರರಿಯೊಡನೆ ಕೂಡಿಸಿದರೆ ಹೆಸರು ದೊರೆಯದು. ವಸ್ತು ಒಂದೇ, ಹೆಸರು ಬೇರೆ ಎಂದು ತೋರಿದರೂ, ಒಪ್ಪಂದ ಬದಲಾದಾಗ ದತ್ತಾಂಶಗಳನ್ನು ಜೋಡಿಸಿಡುವ ಮತ್ತು ರವಾನಿಸುವ ಕ್ರಮವೂ ಬದಲಾಗಿರುತ್ತದೆ.

ಇಲ್ಲಿಯೇ ನಿಜವಾದ ಅಪಾಯವಿದೆ. ದೂರನ್ನು ಅಡಗಿಸಲೆಂದು ಆ ಹೆಸರಿನ ಟೊಳ್ಳು ಕಾರ್ಯವೊಂದನ್ನು ಬರೆದಿಟ್ಟರೆ ಲಿಂಕರ್ ತೃಪ್ತಿಗೊಳ್ಳುತ್ತದೆ, ಪ್ರೋಗ್ರಾಮು ಸಿದ್ಧವಾಗುತ್ತದೆ, ಭಾಗಲಬ್ಧ ಮಾತ್ರ ತಪ್ಪಾಗಿರುತ್ತದೆ. ಲಿಂಕರ್ ನೋಡುವುದು ಹೆಸರನ್ನು, ಅರ್ಥವನ್ನಲ್ಲ. ದೋಷವನ್ನು ಎತ್ತಿ ಹೇಳುವ ಲಿಂಕರಿಗಿಂತ ಮೌನವಾಗಿ ಒಪ್ಪಿದ ಲಿಂಕರ್ ಹೆಚ್ಚು ಕೇಡು ಮಾಡಬಲ್ಲುದು. ಆದುದರಿಂದ ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ದೋಷವನ್ನು ತಾವೇ ತಿದ್ದಿಕೊಡುವುದಕ್ಕೆ ಮುಂಚೆ, ಈ ಮೂರು ಪ್ರಶ್ನೆಗಳಿಗೆ ವಿದ್ಯಾರ್ಥಿಯಿಂದಲೇ ಉತ್ತರ ಪಡೆಯುವುದು ಒಳಿತು.