ಒಂದು ಶಾಸನಪಾಠ, ಎರಡು ಲಿಪಿ: ಸ್ಟೈಲ್‌ಶೀಟ್‌ನ ಉಪಯೋಗ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ, ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದವು. ಕೌತಾಳಂ ಇರುವುದು ಈ ಆದವಾನಿ ಸೀಮೆಯಲ್ಲಿ. ಇಲ್ಲಿನ ಅನೇಕ ಶಾಸನಗಳ ಭಾಷೆ ಕನ್ನಡ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೆ ಮೀಸಲಾದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೆಯ ಸಂಪುಟದ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿ ಹಾಗೂ ಎನ್. ಲಕ್ಷ್ಮೀನಾರಾಯಣರಾವ್ ಅವರು 1939ರಲ್ಲಿ ಹೊರತಂದರು. ಆದರೆ ಮನೆಯಲ್ಲಿ ಕನ್ನಡವಾಡುತ್ತ, ಶಾಲೆಯಲ್ಲಿ ತೆಲುಗು ಲಿಪಿಯನ್ನಷ್ಟೇ ಕಲಿತವರಿಗೆ ಇಂಥ ಪಾಠಗಳು ದೊರೆತರೂ ದಕ್ಕುವುದಿಲ್ಲ.

ಪಾಠವನ್ನು ಎರಡು ಬಾರಿ ಬೆರಳಚ್ಚು ಮಾಡುವುದು ಇದಕ್ಕೆ ಪರಿಹಾರವಲ್ಲ. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಉಳಿದುಬಿಡುತ್ತದೆ. ಪಾಠವನ್ನೂ ಅದರ ತೋರಿಕೆಯನ್ನೂ ಬೇರ್ಪಡಿಸುವುದು ಲೇಸು. 1998ರಲ್ಲಿ ಮಾನಕವಾದ ಎಕ್ಸ್‌ಎಂಎಲ್‌ನಲ್ಲಿ ಪಾಠದ ಪ್ರತಿ ಅಂಶಕ್ಕೂ ಅದರ ಸ್ವರೂಪವನ್ನು ಹೇಳುವ ಗುರುತು ಹಾಕಬಹುದು. ಶಾಸನಗಳಿಗಾಗಿ ಎಪಿಡಾಕ್ ಎಂಬ ಗುರುತು ಪದ್ಧತಿಯೇ ಇದೆ. ‘ಭುವನಾಶ್ರಯ’ ಎಂಬಲ್ಲಿ ‘ನಾ’ ಅಳಿಸಿಹೋಗಿದ್ದು ಸಂಪಾದಕರು ಅದನ್ನು ತುಂಬಿದ್ದರೆ, ಆ ಅಕ್ಷರಕ್ಕೆ ‘ಪೂರಿತ’ ಎಂಬರ್ಥದ ಗುರುತು ಬೀಳುತ್ತದೆ. ಅದು ಹೇಗೆ ಕಾಣಬೇಕೆಂಬುದನ್ನು ಅಲ್ಲಿ ಹೇಳುವುದಿಲ್ಲ.

ಅದನ್ನು ಹೇಳುವುದು ಸ್ಟೈಲ್‌ಶೀಟ್. 1999ರಲ್ಲಿ ಮಾನಕವಾದ ಎಕ್ಸ್‌ಎಸ್‌ಎಲ್‌ಟಿ ಭಾಷೆಯಲ್ಲಿ ಬರೆದ ಸ್ಟೈಲ್‌ಶೀಟ್ ನಿಯಮಗಳ ಒಂದು ಕಟ್ಟು: ‘ಪೂರಿತ’ ಸಿಕ್ಕರೆ ಚೌಕ ಕಂಸ ಹಾಕು, ಸಾಲು ಮುಗಿದರೆ ಸಂಖ್ಯೆ ಕೊಡು, ಎಂಬಂತೆ. ಸಂಸ್ಕಾರಕ ತಂತ್ರಾಂಶವು ಪಾಠವನ್ನು ಓದುತ್ತ, ಎದುರಾದ ಗುರುತಿಗೆ ತಕ್ಕ ನಿಯಮವನ್ನು ಅನ್ವಯಿಸಿ ಎಚ್‌ಟಿಎಂಎಲ್ ಪುಟವನ್ನು ರಚಿಸುತ್ತದೆ. ಮೂಲಪಾಠ ಮಾತ್ರ ಇದ್ದಂತೆಯೇ ಇರುತ್ತದೆ.

ಲಿಪ್ಯಂತರವೂ ಇಂಥದೇ ನಿಯಮ. ಯೂನಿಕೋಡ್‌ನಲ್ಲಿ ಬಹುಪಾಲು ಕನ್ನಡ ಅಕ್ಷರಗಳಿಗೆ ಸರಿಸಮನಾದ ತೆಲುಗು ಅಕ್ಷರ ಇರುವುದು ಸರಿಯಾಗಿ 128 ಸ್ಥಾನ ಹಿಂದೆ. ಎಕ್ಸ್‌ಎಸ್‌ಎಲ್‌ಟಿಯ ‘ಟ್ರಾನ್ಸ್‌ಲೇಟ್’ ಎಂಬ ಕಾರ್ಯ, ಹೆಸರು ಹಾಗಿದ್ದರೂ, ಅನುವಾದ ಮಾಡದೆ ಅಕ್ಷರಕ್ಕೆ ಅಕ್ಷರವನ್ನಿಡುತ್ತದೆ. ಹೀಗೆ ಒಂದೇ ಕಡತದಿಂದ ಎರಡೂ ಲಿಪಿಗಳ ಪುಟಗಳು ಸಿದ್ಧವಾಗುತ್ತವೆ. ತೊಡಕಿರುವುದು ಹಳಗನ್ನಡದ ‘ೞ’ದಲ್ಲಿ. ಅದರ ತೆಲುಗು ರೂಪ ಯೂನಿಕೋಡ್‌ಗೆ ಸೇರಿದ್ದು 2014ರಲ್ಲಿ, ಅದೂ ಈ 128ರ ಲೆಕ್ಕಕ್ಕೆ ಹೊರತಾದ ಸ್ಥಾನದಲ್ಲಿ. ಅದಕ್ಕೆ ಪ್ರತ್ಯೇಕ ನಿಯಮ ಬರೆಯಬೇಕು. ಅದರ ಬದಲು ‘ಳ’ವನ್ನಿಟ್ಟರೆ ‘ಏೞು’ ‘ಏಳು’ ಆಗಿ, ಶಾಸನಕಾಲದ ಭಾಷೆಯ ಸಾಕ್ಷ್ಯವೊಂದು ಓದುಗರ ಕಣ್ಣಿಂದ ಮರೆಯಾಗುತ್ತದೆ.

ಸ್ಟೈಲ್‌ಶೀಟ್ ತಾನಾಗಿ ಏನನ್ನೂ ಅರಿಯದು. ಅಳಿದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಸಂಪಾದಕರು ಗುರುತಿಸದಿದ್ದರೆ ಯಾವ ಲಿಪಿಯಲ್ಲೂ ಅದು ಕಾಣಿಸದು. ಆದ್ದರಿಂದ ಪುಟದ ಅಂದಕ್ಕಿಂತ ಮೊದಲು ಗುರುತಿನ ಕೆಲಸ ನಡೆಯಬೇಕು. ಅದೊಂದು ಸರಿಯಾಗಿ ಆದರೆ, ಯಾವ ಲಿಪಿಯ ಶಾಲೆಯಲ್ಲಿ ಓದಿದವರಿಗೂ ತಮ್ಮ ಸೀಮೆಯ ಕಲ್ಲಿನ ಮಾತು ಎಟುಕುತ್ತದೆ.