*ಸಣ್ಣ ಕರುಳಿನ ಕ್ಯಾನ್ಸರ್: ರಿಪೋರ್ಟಿನಲ್ಲಿರುವ ಆ ಎರಡು ಅಂಕಿಗಳ ಅರ್ಥವೇನು?*



ನ್ಯೂ ಟೌನ್‌ನಲ್ಲಿ 2011ರಿಂದ ಟಾಟಾ ಮೆಡಿಕಲ್ ಸೆಂಟರ್ ಎಂಬ ಕ್ಯಾನ್ಸರ್ ಆಸ್ಪತ್ರೆ ಇದೆ. ಇಲ್ಲಿರುವ ಕನ್ನಡದ ಮನೆಗಳಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ, ಆಪರೇಷನ್ ಆದ ಮೇಲೆ ಕೈಗೆ ಬರುವ ಬಯಾಪ್ಸಿ ರಿಪೋರ್ಟನ್ನು ಹೀಗೆ ಓದಿ.

*ಇದು ತಡವಾಗಿ ಗೊತ್ತಾಗುವುದೇಕೆ?*
ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಆದರೂ ಅಲ್ಲಿ ಕ್ಯಾನ್ಸರ್ ಅಪರೂಪ. ಬಾಯಿಂದ ಹಾಕುವ ಎಂಡೋಸ್ಕೋಪಿ ಅದರ ಆರಂಭವನ್ನೂ, ಕೆಳಗಿನಿಂದ ಹಾಕುವ ಕೊಲೊನೋಸ್ಕೋಪಿ ಅದರ ಕೊನೆಯನ್ನೂ ಮಾತ್ರ ತೋರಿಸುತ್ತವೆ. ನಡುವಿನ ಭಾಗಕ್ಕೆ ಸಿಟಿ ಸ್ಕ್ಯಾನ್ ಅಥವಾ ಕ್ಯಾಪ್ಸೂಲ್ ಎಂಡೋಸ್ಕೋಪಿ ಬೇಕು. ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ವಾಂತಿ, ತೂಕ ಇಳಿಯುವುದು, ಕಪ್ಪು ಮಲ, ಕಾರಣ ತಿಳಿಯದ ರಕ್ತಹೀನತೆ ಇದ್ದರೆ ಗ್ಯಾಸ್ ಎಂದು ತಳ್ಳಿಹಾಕಬೇಡಿ.

*ದುಗ್ಧಗ್ರಂಥಿ ಎಂದರೇನು?*
ಡಾಕ್ಟರರು ಇದನ್ನು ಲಿಂಫ್ ನೋಡ್ ಎನ್ನುತ್ತಾರೆ. ಕರುಳನ್ನು ಹಿಡಿದಿರುವ ಪೊರೆಯಲ್ಲಿ ಕಾಳಿನಂತಿರುವ ಈ ಗ್ರಂಥಿಗಳು ಸೋಸುವ ಜರಡಿಗಳು. ಕರುಳಿನ ಗಡ್ಡೆಯಿಂದ ಹೊರಟ ಕ್ಯಾನ್ಸರ್ ಕೋಶಗಳು ಹಲವು ಸಲ ಮೊದಲು ಸಿಕ್ಕಿಕೊಳ್ಳುವುದು ಇಲ್ಲೇ. ಆದ್ದರಿಂದ ಸರ್ಜನ್ ಗಡ್ಡೆಯ ಜೊತೆ ಇವನ್ನೂ ತೆಗೆಯುತ್ತಾರೆ.

*ಆ ಎರಡು ಅಂಕಿಗಳು*
ರಿಪೋರ್ಟಿನಲ್ಲಿ 2/14 ಎಂದಿದ್ದರೆ, 14 ಗ್ರಂಥಿ ಪರೀಕ್ಷಿಸಿದರು, 2ರಲ್ಲಿ ಕ್ಯಾನ್ಸರ್ ಇತ್ತು ಎಂದರ್ಥ.

👉 ಅಡಿನೋಕಾರ್ಸಿನೋಮ ಎಂಬ ಬಗೆಯಲ್ಲಿ ಒಂದೂ ಇಲ್ಲದಿದ್ದರೆ ಎನ್ 0, 1 ಅಥವಾ 2 ಇದ್ದರೆ ಎನ್ 1, 3 ಅಥವಾ ಹೆಚ್ಚಿದ್ದರೆ ಎನ್ 2. ಗ್ರಂಥಿಗೆ ಹರಡಿದ್ದು, ದೂರದ ಅಂಗಕ್ಕೆ ಹೋಗದಿದ್ದರೆ ಅದು ಮೂರನೇ ಹಂತ.

👉 ಕೆಳಗಿನ ಅಂಕಿಯೂ ಮುಖ್ಯ. 0/3 ಮತ್ತು 0/14 ಒಂದೇ ಅಲ್ಲ. ಮೂರನ್ನೇ ನೋಡಿದರೆ ನಾಲ್ಕನೆಯದರಲ್ಲಿ ಇದ್ದದ್ದು ತಪ್ಪಿಹೋಗಬಹುದು. ಸಾಮಾನ್ಯವಾಗಿ ಕನಿಷ್ಠ 8 ಗ್ರಂಥಿ ನೋಡಬೇಕು ಎನ್ನುತ್ತಾರೆ.

*ಬದುಕುಳಿಯುವ ಲೆಕ್ಕ*
ಅಮೆರಿಕದ ಕ್ಯಾನ್ಸರ್ ದಾಖಲೆಗಳನ್ನು ಆಧರಿಸಿ 2010ರಲ್ಲಿ ಬಂದ ಅಧ್ಯಯನದ ಪ್ರಕಾರ, ಮೂರನೇ ಹಂತದಲ್ಲಿ ಮೂರಕ್ಕಿಂತ ಕಡಿಮೆ ಗ್ರಂಥಿಗಳಿಗೆ ಹರಡಿದವರಲ್ಲಿ ಐದು ವರ್ಷ ಈ ರೋಗವನ್ನು ದಾಟಿ ಬದುಕಿದವರು ನೂರಕ್ಕೆ ಸುಮಾರು 58. ಮೂರು ಅಥವಾ ಹೆಚ್ಚು ಗ್ರಂಥಿಗಳಾದರೆ ಸುಮಾರು 37. ಇದು ಗುಂಪಿನ ಲೆಕ್ಕ, ನಿಮ್ಮ ಅಪ್ಪನ ಅಥವಾ ಅತ್ತೆಯ ಜಾತಕವಲ್ಲ. ವಯಸ್ಸು, ಗಡ್ಡೆಯ ಆಳ, ಚಿಕಿತ್ಸೆ ಎಲ್ಲವೂ ಸೇರುತ್ತವೆ.

*ಡಾಕ್ಟರರನ್ನು ಕೇಳಿ*
✅ ಎಷ್ಟು ಗ್ರಂಥಿ ನೋಡಿದರು, ಎಷ್ಟರಲ್ಲಿ ಇತ್ತು?
✅ ಕಿಮೋ ಬೇಕೇ? ಗ್ರಂಥಿಗೆ ಹರಡಿದ್ದರೆ ಸಾಮಾನ್ಯವಾಗಿ ಸೂಚಿಸುತ್ತಾರೆ.
✅ ಎಂಎಂಆರ್ ಪರೀಕ್ಷೆ ಆಗಿದೆಯೇ? ಲಿಂಚ್ ಸಿಂಡ್ರೋಮ್ ಎಂಬ ವಂಶದ ದೋಷದ ಸುಳಿವು ಇದರಲ್ಲಿ ಸಿಗಬಹುದು. ಆಗ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಕೂಡ ತಪಾಸಣೆ ಮಾಡಿಸಬೇಕಾಗಬಹುದು.

⚠️ ಸ್ಕ್ಯಾನಿನಲ್ಲಿ ಗ್ರಂಥಿ ಊದಿದೆ ಎಂದ ಮಾತ್ರಕ್ಕೆ ಅದು ಕ್ಯಾನ್ಸರ್ ಅಲ್ಲ. ನಮ್ಮ ದೇಶದಲ್ಲಿ ಕರುಳಿನ ಟಿಬಿಯಲ್ಲೂ ಹೀಗೇ ಊದುತ್ತದೆ. ಯಾವುದೆಂದು ತಿಳಿಯಲು ಬಯಾಪ್ಸಿ ಬೇಕು.

*ಊರಿಗೆ ಮರಳಿ ಚಿಕಿತ್ಸೆ ಪಡೆಯುವುದಾದರೆ*
ಬೆಂಗಳೂರಿನ ಕಿದ್ವಾಯಿಗೋ ಬೇರೆಡೆಗೋ ಹೋಗುವ ಮುನ್ನ ಡಿಸ್ಚಾರ್ಜ್ ಸಮ್ಮರಿ, ಪೂರ್ತಿ ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್ ಸಿಡಿ, ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆಯಿರಿ. ಮೊಬೈಲಿನ ಫೋಟೊ ಸಾಲದು. ಆಪರೇಷನ್ ಬಳಿಕ ಕಿಮೋ ಬೇಕಿದ್ದರೆ ಪ್ರಯಾಣದ ಗಡಿಬಿಡಿಯಲ್ಲಿ ತಿಂಗಳುಗಳು ಕಳೆಯದಿರಲಿ.

ಇದು ತಿಳಿವಳಿಕೆಗಾಗಿ ಮಾತ್ರ, ನಿಮ್ಮ ಡಾಕ್ಟರರ ಮಾತೇ ಅಂತಿಮ. ಬೇಕಾದವರಿಗೆ ಕಳುಹಿಸಿ.